ಪ್ರೌಢ ಇಂಗ್ಲಿಷ್ ಪದಗಳ ಕಲಿಕೆ: ಬೇರಿನಿಂದ ಬಳಕೆಗೆ

ಕಠಿಣ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ, ಎದುರಿಗೆ ಒಂದೊಂದು ಕನ್ನಡ ಅರ್ಥ ಬರೆದುಕೊಂಡು ಬಾಯಿಪಾಠ ಮಾಡುವುದು ವಿದ್ಯಾರ್ಥಿಗಳಲ್ಲಿ ರೂಢಿಯಾಗಿದ್ದರೂ, ಬೇರು ಮತ್ತು ಬಳಕೆ ತಿಳಿಯದೆ ಕಲಿತ ಪದ ಬಹುಕಾಲ ನೆನಪಿನಲ್ಲಿ ಉಳಿಯುವುದಿಲ್ಲ.

ಮೊದಲ ಹೆಜ್ಜೆ ಪದವನ್ನು ಬಿಡಿಸುವುದು. ಇದಕ್ಕೆ ಶಾಸನಗಳ ಲೋಕದಿಂದಲೇ ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಬೇಗೂರಿನಲ್ಲಿರುವ ನಾಗೇಶ್ವರ ದೇವಾಲಯದ ಆವರಣದಲ್ಲಿ ಬೆಂಗಳೂರು ಎಂಬ ಹೆಸರಿರುವ, ಕ್ರಿ.ಶ. ಸುಮಾರು 890ರದೆಂದು ಗುರುತಿಸಲಾದ ವೀರಗಲ್ಲಿನ ಶಾಸನವಿದೆ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವು ‘ಎಪಿಗ್ರಫಿಯಾ ಕರ್ನಾಟಿಕ’ ಮಾಲೆಗೆ ಸೇರಿದ್ದು, ಆ ಶೀರ್ಷಿಕೆಯ ಮೊದಲ ಪದವೇ ಒಳ್ಳೆಯ ಪಾಠವಾಗಬಲ್ಲದು. ಗ್ರೀಕ್ ಭಾಷೆಯಲ್ಲಿ ‘ಎಪಿ’ ಎಂದರೆ ಮೇಲೆ, ‘ಗ್ರಾಫ್’ ಎಂದರೆ ಬರೆ. ಎರಡೂ ಸೇರಿದ ಎಪಿಗ್ರಫಿ ಶಾಸನಗಳ ಅಧ್ಯಯನವಾದರೆ, ಸಮಾಧಿ ಎಂಬರ್ಥದ ‘ಟಾಫೊಸ್’ ಸೇರಿದ ಎಪಿಟಾಫ್ ಸಮಾಧಿಯ ಮೇಲಿನ ಬರಹವಾಗುತ್ತದೆ. ಜನ ಎಂಬರ್ಥದ ‘ಡೆಮೊಸ್’ ಕೂಡಿದಾಗ ಎಪಿಡೆಮಿಕ್, ಅಂದರೆ ಜನರ ಮೇಲೆರಗುವ ಸಾಂಕ್ರಾಮಿಕ.

ಎರಡನೆಯದಾಗಿ, ಬಿಡಿಸಿದ ಪದಕ್ಕೆ ಕನ್ನಡದಲ್ಲೇ ಜೋಡಿ ಹುಡುಕಬೇಕು. ಲ್ಯಾಟಿನ್ನಿನ ‘ಬೆನೆ’ ಒಳಿತನ್ನೂ ‘ಮಲೆ’ ಕೆಡುಕನ್ನೂ ಸೂಚಿಸುತ್ತವೆ (ಸಹ್ಯಾದ್ರಿಯ ಮಲೆಗೂ ಇದಕ್ಕೂ ನಂಟಿಲ್ಲ). ಬೆನೆವೊಲೆಂಟ್ ಎಂದರೆ ಒಳಿತನ್ನು ಬಯಸುವ; ಹಿತ ಮತ್ತು ಏಷಿ ಕೂಡಿದ ‘ಹಿತೈಷಿ’ಯ ರಚನೆಯೂ ಅದೇ. ಬೆನಿಫ್ಯಾಕ್ಟರ್‌ನಲ್ಲಿರುವ ‘ಮಾಡುವವನು’ ಎಂಬ ಅರ್ಥವೇ ‘ಉಪಕಾರಿ’ಯ ‘ಕಾರಿ’ಯಲ್ಲಿಯೂ ಇದೆ. ಸಂಸ್ಕೃತ ಸಮಾಸಗಳ ಪರಿಚಯವುಳ್ಳ ಕನ್ನಡಿಗರಿಗೆ ಈ ಅನುಕೂಲ ಮೊದಲೇ ಒದಗಿರುವಾಗ, ಅದನ್ನು ಬಿಟ್ಟು ಬರಿಯ ಬಾಯಿಪಾಠಕ್ಕೆ ಜೋತುಬೀಳುವುದು ವ್ಯರ್ಥ ಶ್ರಮ. ಆದರೆ ಅಕ್ಷರಸಾಮ್ಯವನ್ನೇ ನಂಬಬಾರದು. ‘mal’ ಎಂದೇ ಶುರುವಾದರೂ ಮಾಲ್ಟ್ ಎಂಬ ಪದದಲ್ಲಿ ಕೆಡುಕೇನೂ ಇಲ್ಲ.

ಅನಂತರ ನಿಘಂಟು. ಬೆಂಗಳೂರಿನ ಜಯನಗರದಲ್ಲಿ ನೆಲೆಸಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಪದಗಳ ಹುಟ್ಟು ಮತ್ತು ಬಳಕೆಯನ್ನು ಓದುಗರಿಗೆ ವಿವರಿಸುತ್ತಿದ್ದರು; ಇಂಗ್ಲಿಷ್-ಕನ್ನಡ ನಿಘಂಟನ್ನೂ ಅವರು ರಚಿಸಿದ್ದಾರೆ. ನಿಘಂಟಿನಲ್ಲಿ ಮೊದಲ ಅರ್ಥಕ್ಕೇ ನಿಲ್ಲದೆ, ಪದವು ಹೊಗಳಿಕೆಯದೋ ತೆಗಳಿಕೆಯದೋ ಎಂಬುದನ್ನೂ ಗಮನಿಸಬೇಕು. ಫ್ರೂಗಲ್ ಎಂದರೆ ಮಿತವ್ಯಯಿ, ಸ್ಟಿಂಜಿ ಎಂದರೆ ಜಿಪುಣ. ಇಬ್ಬರೂ ಕಡಿಮೆ ಖರ್ಚು ಮಾಡುವವರೇ, ಆದರೆ ಮರ್ಯಾದೆ ಒಬ್ಬರಿಗೆ ಮಾತ್ರ. ಬಳಕೆಯ ಎಲ್ಲೆಯೂ ತಿಳಿದಿರಬೇಕು: ಬೇಗೂರಿನಲ್ಲಿ ‘ಸೈಟು’ ಎಂದರೆ ಮನೆ ಕಟ್ಟುವ ನಿವೇಶನ, ಇಂಗ್ಲಿಷಿನಲ್ಲಿ ಅದು ಉತ್ಖನನದ ಜಾಗವೂ ಆಗಬಹುದು, ಅಂತರ್ಜಾಲ ತಾಣವೂ ಆಗಬಹುದು.

ಕೊನೆಯದು ಮರುಓದು. ಹೊಸದಾಗಿ ಕಲಿತದ್ದು ಆರಂಭದಲ್ಲಿ ಬೇಗನೆ, ಬರಬರುತ್ತ ನಿಧಾನವಾಗಿ ಮರೆಯುತ್ತದೆಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಆದ್ದರಿಂದ ದಿನಕ್ಕೆ ಐದೇ ಪದಗಳನ್ನು ಒಂದೊಂದು ಚೀಟಿಯಲ್ಲಿ ಸ್ವಂತ ವಾಕ್ಯದೊಂದಿಗೆ ಬರೆದು, ಮರುದಿನ, ನಾಲ್ಕನೆಯ ದಿನ, ಹತ್ತನೆಯ ದಿನ, ತಿಂಗಳ ಕೊನೆಯಲ್ಲಿ ನೋಡುವುದು ಸಾಕು. ಅರ್ಥ ಹೊಳೆಯದ ಚೀಟಿಯನ್ನು ಹೊಸ ವಾಕ್ಯ ಬರೆದು ಮತ್ತೆ ಮೊದಲ ದಿನದ ಕಟ್ಟಿಗೇ ಸೇರಿಸಬೇಕು.