ಕಟ್ಟಿದವರ ಹೊಣೆ

ಪ್ರವಾದಿ ಮುಹಮ್ಮದ್(ಸ)ರು ಒಬ್ಬ ಸ್ತ್ರೀಯ ಕುರಿತು ತಿಳಿಸಿದ್ದಾರೆ. ಆಕೆ ಬೆಕ್ಕೊಂದನ್ನು ಕೂಡಿಹಾಕಿದಳು. ತಾನೂ ಆಹಾರ ಕೊಡಲಿಲ್ಲ, ಅದು ಹೊರಗೆ ಹೋಗಿ ಹುಳುಹುಪ್ಪಟೆ ತಿಂದು ಬದುಕಲೂ ಬಿಡಲಿಲ್ಲ. ಬೆಕ್ಕು ಸತ್ತಿತು. ಆ ಕಾರಣಕ್ಕೆ ಆಕೆ ನರಕಕ್ಕೆ ಗುರಿಯಾದಳು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಹದೀಸನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಆದರೆ ಒಂದು ಅಂಶವನ್ನು ಗಮನಿಸಿರಿ. ಆಕೆ ಬೆಕ್ಕನ್ನು ಹೊಡೆದು ಕೊಂದಳೆಂದು ಇದರಲ್ಲಿಲ್ಲ. ಕೂಡಿಹಾಕಿ ಹಾಗೆಯೇ ಬಿಟ್ಟದ್ದೇ ಆಕೆಯ ಅಪರಾಧ.

ಬಾಯಿಲ್ಲದ ಜೀವಿ ನಮ್ಮ ಹಗ್ಗದಲ್ಲಿರುವಷ್ಟು ಕಾಲ ಅದರ ಹಸಿವಿಗೂ ಅಪಾಯಕ್ಕೂ ನಾವೇ ಹೊಣೆ. ಅದು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು.

2019ರ ಆಗಸ್ಟ್‌ನ ನೆರೆಯಲ್ಲಿ ಕೃಷ್ಣಾ ತೀರದ ಅನೇಕ ಕುಟುಂಬಗಳು ಮನೆ ತೊರೆಯಬೇಕಾಯಿತು. ಅಂಥ ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಆದ್ದರಿಂದ ಹಗ್ಗ ಬಿಚ್ಚುವವರು ಯಾರು, ಯಾವ ಎತ್ತರದ ಜಾಗಕ್ಕೆ ಒಯ್ಯಬೇಕು ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿರಿ. ಎಳೆದರೆ ಬಿಚ್ಚುವ ಗಂಟನ್ನೇ ಹಾಕಿರಿ. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಕುಡುಗೋಲು ಇರಲಿ. ಒಯ್ಯಲು ಸಾಧ್ಯವೇ ಇಲ್ಲದಿದ್ದರೆ ಹಗ್ಗ ಕತ್ತರಿಸಿ, ಬಾಗಿಲು ತೆರೆದು ಹೊರಡಿರಿ. ಪಶುವೈದ್ಯರ ಫೋನ್ ಸಂಖ್ಯೆಯನ್ನೂ ಪಶು ಸಹಾಯವಾಣಿ 1962ನ್ನೂ ಗೋಡೆಯ ಮೇಲೆ ಬರೆದಿಡಿರಿ.

ವೈದ್ಯರು ಬರುವವರೆಗೆ ಮಾಡಬೇಕಾದ ಕೆಲವು ಕೆಲಸಗಳಿವೆ:

ರಕ್ತಸ್ರಾವ: ಶುಭ್ರ ಬಟ್ಟೆಯಿಂದ ಗಾಯವನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿರಿ.

ಹೊಟ್ಟೆ ಉಬ್ಬರ: ಆಡು ಅಥವಾ ದನದ ಎಡ ಮಗ್ಗುಲು ಊದಿಕೊಂಡರೆ ಮುಂಗಾಲುಗಳು ಎತ್ತರದಲ್ಲಿರುವಂತೆ ನಿಲ್ಲಿಸಿ, ವೈದ್ಯರನ್ನು ಕೂಡಲೇ ಕರೆಯಿರಿ. ಮಲಗಿದ ಪ್ರಾಣಿಯ ಬಾಯಿಗೆ ಏನನ್ನೂ ಸುರಿಯಬಾರದು. ಅದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಎರವಾಗಬಹುದು.

ಕುದುರೆಯ ಹೊಟ್ಟೆಶೂಲೆ: ಟಾಂಗಾದ ಕುದುರೆ ನೆಲ ಕೆರೆಯುತ್ತಾ, ಮತ್ತೆ ಮತ್ತೆ ತನ್ನ ಮಗ್ಗುಲು ನೋಡಿಕೊಳ್ಳುತ್ತಾ ಹೊರಳಾಡಿದರೆ ಅದು ಮೊಂಡುತನವಲ್ಲ, ನೋವು. ಚಾಟಿ ಬೀಸಬೇಡಿರಿ. ಕುದುರೆಗೆ ವಾಂತಿ ಮಾಡಲು ಆಗದು. ಆದ್ದರಿಂದ ಗಾಡಿಯಿಂದ ಬಿಡಿಸಿ, ಮೇವು ನಿಲ್ಲಿಸಿ, ವೈದ್ಯರನ್ನು ಕರೆಯಿರಿ; ಅವರು ಬರುವವರೆಗೆ ಮೆಲ್ಲನೆ ನಡೆಸಿರಿ. ವಿಶ್ರಾಂತಿಯಲ್ಲಿ ಅದರ ನಾಡಿ ನಿಮಿಷಕ್ಕೆ 28ರಿಂದ 44. 60 ದಾಟಿದರೆ ಪರಿಸ್ಥಿತಿ ಗಂಭೀರ.

ಬಿಸಿಲಿನ ಹೊಡೆತ: ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿರಿ.

ಔಷಧ: ನಮ್ಮ ಮಾತ್ರೆ ಅವುಗಳಿಗಲ್ಲ. ಪ್ಯಾರಸಿಟಮಾಲ್‌ನ ಅರ್ಧ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಹುದು.

ನೋವಿನಲ್ಲಿರುವ ಪ್ರಾಣಿ ಸಾಕಿದವರನ್ನೂ ಕಚ್ಚೀತು. ನಾಯಿ, ಬೆಕ್ಕು ಕಚ್ಚಿದರೆ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಹಚ್ಚದೆ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಲಸಿಕೆಗಾಗಿ ಅಂದೇ ಆಸ್ಪತ್ರೆಗೆ ಹೋಗಿರಿ.

ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ ತಂದವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಆ ನಾಯಿ ಅವನದ್ದಾಗಿರಲಿಲ್ಲ. ಅವನ ಬಳಿ ಒಂದು ಬಕೀಟೂ ಇರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿರುವುದಾದರೋ ನಾವೇ ಕಟ್ಟಿದ ಪ್ರಾಣಿ. ಇಂದು ಮಲಗುವ ಮುನ್ನ ಅದರ ಗಂಟನ್ನೊಮ್ಮೆ ನೋಡಿ ಬನ್ನಿರಿ.