ಶ್ರವಣಯಂತ್ರಕ್ಕೂ ಕೇಳದ ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್

ಮನೆಯ ಹಿರಿಯರಿಗೆ ಶ್ರವಣಯಂತ್ರ ಹಾಕಿದರೂ ಮಾತು ತಿಳಿಯುತ್ತಿಲ್ಲವೇ? ‘ವಯಸ್ಸಾಯಿತು, ಇನ್ನೇನು ಮಾಡುವುದು’ ಎಂದು ಕೈಬಿಡಬೇಡಿ. ಇಂಥವರಿಗೆ ಕಾಕ್ಲಿಯರ್ ಇಂಪ್ಲಾಂಟ್ ನೆರವಾಗಬಹುದು. ಇದು ಮಕ್ಕಳಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. 1978ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ಡಾ. ಗ್ರೇಮ್ ಕ್ಲಾರ್ಕ್ ಅವರ ತಂಡ ತನ್ನ ಮೊದಲ ಇಂಪ್ಲಾಂಟನ್ನು ಅಳವಡಿಸಿದ್ದು ಕಿವಿ ಕೇಳದಾಗಿದ್ದ ವಯಸ್ಕರೊಬ್ಬರಿಗೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಭಾಗವೇ ಕಾಕ್ಲಿಯ. ಅದರಲ್ಲಿರುವ ಸುಮಾರು 15 ಸಾವಿರ ರೋಮಕೋಶಗಳು ಶಬ್ದದ ಕಂಪನವನ್ನು ವಿದ್ಯುತ್ ಸಂದೇಶವಾಗಿ ಬದಲಿಸಿ ಶ್ರವಣನರಕ್ಕೆ ಮುಟ್ಟಿಸುತ್ತವೆ. ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವುಗಳನ್ನು ಮರಳಿ ಬೆಳೆಸುವ ಔಷಧಿ ಯುನಾನಿಯಲ್ಲೂ ಇಲ್ಲ, ಅಲೋಪತಿಯಲ್ಲೂ ಇಲ್ಲ. ಕಿವಿಗೆ ಬಿಡುವ ಎಣ್ಣೆ ತಮಟೆಯಾಚೆಗಿನ ಈ ಭಾಗವನ್ನು ತಲುಪುವುದೂ ಇಲ್ಲ. ಎಣ್ಣೆ, ಹನಿಗಳಲ್ಲಿ ವರ್ಷಗಳನ್ನು ಕಳೆಯಬೇಡಿ.

ಶ್ರವಣಯಂತ್ರ ಶಬ್ದವನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಇಂಪ್ಲಾಂಟ್ ಹಾಳಾದ ಕೋಶಗಳನ್ನು ಬಿಟ್ಟು ನೇರವಾಗಿ ನರಕ್ಕೇ ಸಂದೇಶ ಕೊಡುತ್ತದೆ. ಕಿವಿಯ ಹಿಂದೆ ಧರಿಸುವ ಪ್ರೊಸೆಸರ್ ಮಾತನ್ನು ಗ್ರಹಿಸಿ, ಸ್ವರಗಳನ್ನು ವಿಂಗಡಿಸಿ, ಚರ್ಮದಡಿ ಕೂರಿಸಿದ ಭಾಗಕ್ಕೆ ಕಳಿಸುತ್ತದೆ. ಅಲ್ಲಿಂದ ಕಾಕ್ಲಿಯದೊಳಗೆ ಇಳಿಸಿದ ಎಲೆಕ್ಟ್ರೋಡ್‌ಗಳು ನರವನ್ನು ಪ್ರಚೋದಿಸುತ್ತವೆ. ಅವುಗಳ ಸಂಖ್ಯೆ ಸಾಮಾನ್ಯವಾಗಿ 12ರಿಂದ 22.

ಸಾವಿರಾರು ಕೋಶಗಳ ಕೆಲಸವನ್ನು ಇಷ್ಟೇ ಎಲೆಕ್ಟ್ರೋಡ್‌ಗಳು ಮಾಡುವುದರಿಂದ, ಮೊದಮೊದಲು ಮಾತು ಯಂತ್ರದ ದನಿಯಂತೆ ಕೇಳಿಸಬಹುದು. ಗಾಬರಿಯಾಗಬೇಡಿ. ಮೆದುಳು ಈ ಹೊಸ ಸಂದೇಶವನ್ನು ಕಲಿಯಬೇಕು. ಅದಕ್ಕೆ ಕೆಲವು ತಿಂಗಳು ಬೇಕು, ಮನೆಯವರ ಸಹಕಾರವೂ ಬೇಕು.

ಪ್ರತಿದಿನ ಸದ್ದಿಲ್ಲದ ಕೋಣೆಯಲ್ಲಿ ಅವರೊಂದಿಗೆ ಕುಳಿತುಕೊಳ್ಳಿ. ಒಬ್ಬರೇ, ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡಿ, ಕೂಗಬೇಡಿ. ಪತ್ರಿಕೆಯನ್ನು ನೀವು ಓದಿ, ಅವರು ಅಕ್ಷರ ನೋಡುತ್ತಾ ಕೇಳಲಿ. ‘ಬರ’, ‘ಮರ’ ಎನ್ನುವಾಗ ತುಟಿಯ ಚಲನೆ ಒಂದೇ. ವ್ಯತ್ಯಾಸ ತಿಳಿಯಬೇಕಾದದ್ದು ಕಿವಿಗೆ. ಕೆಲ ದಿನಗಳ ನಂತರ ಬಾಯಿಗೆ ಕಾಗದ ಅಡ್ಡ ಹಿಡಿದು ಇಂಥ ಪದಗಳನ್ನು ಹೇಳಿಸಿ ನೋಡಿ. ಗದ್ದಲದಲ್ಲಿ ಮಾತು ತಿಳಿಯುವುದು, ಫೋನಿನಲ್ಲಿ ಮಾತನಾಡುವುದು ನಿಧಾನವಾಗಿ ಬರುತ್ತದೆ.

ಮಾತು ಕಲಿತ ಮೇಲೆ ಕಿವುಡಾದವರಿಗೆ ಇದರ ಪ್ರಯೋಜನ ಹೆಚ್ಚು. ತಡವಾದಷ್ಟೂ ಕಲಿಕೆ ಕಷ್ಟ. ಹುಟ್ಟಿನಿಂದ ಕೇಳದೆ ಬೆಳೆದ ವಯಸ್ಕರಿಗೆ ಮಾತು ತಿಳಿಯುವ ಮಟ್ಟಿಗೆ ಲಾಭ ಕಡಿಮೆ. ಶ್ರವಣನರ ಸರಿಯಿರಬೇಕು. ಅಳವಡಿಸಿದ ಕಿವಿಯಲ್ಲಿ ಉಳಿದಿದ್ದ ಅಲ್ಪ ಶ್ರವಣವೂ ಹೋಗಬಹುದು. ಇವನ್ನೆಲ್ಲ ಮೊದಲೇ ಕೇಳಿ ತಿಳಿಯಿರಿ. ನ್ಯುಮೋಕಾಕಲ್ ಲಸಿಕೆಯ ಬಗ್ಗೆಯೂ ವಿಚಾರಿಸಿ. ಮುಂದೆ ಎಂ.ಆರ್.ಐ. ಮಾಡಿಸುವಾಗ ಇಂಪ್ಲಾಂಟ್ ಇರುವುದನ್ನು ತಪ್ಪದೆ ಹೇಳಿ.

ವುಝೂ, ಸ್ನಾನ, ನಿದ್ರೆಯ ವೇಳೆ ಹೊರಗಿನ ಪ್ರೊಸೆಸರ್ ತೆಗೆದಿಡಬಹುದು. ಗಾಯ ಮಾಗಿದ ಮೇಲೆ ಚರ್ಮದಡಿಯ ಭಾಗಕ್ಕೆ ನೀರಿನಿಂದ ತೊಂದರೆಯಿಲ್ಲ.

ಮೊದಲ ಹೆಜ್ಜೆ ಶ್ರವಣ ಪರೀಕ್ಷೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಹಿರಿಯರನ್ನು ಒಂಟಿಯಾಗಿ ಕಳಿಸದೆ ಜೊತೆಗೆ ಹೋಗಿ. ವೈದ್ಯರು ಹೇಳಿದ್ದನ್ನು ಅವರಿಗೆ ಬರೆದು ತೋರಿಸಿ.