ಸಿಪಾಯಿಯನ್ನೂ ಸಭೆಗೆ ಕರೆಯಿರಿ

ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಪುಸ್ತಕ ಹಿಡಿದ ತುಳುನಾಡಿನ ಹುಡುಗರಿಗೆ ಅಕ್ಷರ ಕೊಟ್ಟದ್ದು ಮುಂಬಯಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳು. ಅವುಗಳಲ್ಲಿ ಮೊಗವೀರರ ಶಾಲೆ 1908ರದು. ಈಗ ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆ. ಎರಡು ಶಾಲೆ ಕೂಡಿಸೋಣ, ಹಳೆ ಕಟ್ಟಡ ಕೆಡವಿ ಹೊಸದು ಕಟ್ಟೋಣ ಎಂಬ ಮಾತು ಬಂದೇ ಬರುತ್ತದೆ. ಬರಲಿ. ಆದರೆ ಶಾಲೆ ನಡೆಸುವ ಸಂಘಗಳ ಪದಾಧಿಕಾರಿಗಳೇ, ನಕ್ಷೆಗೆ ಸಹಿ ಬೀಳುವ ಮೊದಲೇ ಸಿಬ್ಬಂದಿಯನ್ನು ಜೊತೆಗೆ ಕೂರಿಸಿಕೊಳ್ಳಿ. ಸಹಿಯಾದ ಮೇಲೆ ಚಹಾ ಕೊಟ್ಟು ‘ಅಭಿಪ್ರಾಯ ಹೇಳಿ’ ಅನ್ನುವುದು ಬರೀ ಶಾಸ್ತ್ರ.

ಜುಲೈ ಮಳೆಗೆ ಯಾವ ಕೋಣೆ ಸೋರುತ್ತದೆಂದು ಶಾಲೆಯ ಸಿಪಾಯಿಗೆ ಗೊತ್ತು. ತರಗತಿ ಎಷ್ಟು ಹೊತ್ತಿಗೆ ಬಿಟ್ಟರೆ ಸಿಎಸ್‌ಎಂಟಿಯಲ್ಲಿ ಡೊಂಬಿವಲಿ ಲೋಕಲ್ ಸಿಗುತ್ತದೆಂದು ಮಾಸ್ತರರಿಗೆ ಗೊತ್ತು. ಆರ್ಕಿಟೆಕ್ಟಿನ ಟೇಪಿಗೆ ಇವು ಸಿಗುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿಗೆ ಕೊಟ್ಟಿದೆ, ಶಿಕ್ಷಕರಿಗೂ ಜಾಗವಿಟ್ಟಿದೆ. ಗುಮಾಸ್ತ, ಸಿಪಾಯಿಗಳ ಹೆಸರು ಅಲ್ಲಿಲ್ಲ. ಆ ಕುರ್ಚಿ ನೀವೇ ಹಾಕಬೇಕು.

ಇನ್ನೊಂದು, ಶಾಲೆಗಳು ವಿಲೀನವಾದರೆ ಯಾರ ಹುದ್ದೆ ಎಲ್ಲಿಗೆ ಎಂಬುದನ್ನು ಮೊದಲ ಸಭೆಯಲ್ಲೇ ಬಿಡಿಸಿ ಹೇಳಿ. ನೌಕರಿಯ ಚಿಂತೆ ಹೊತ್ತವರು ಕಟ್ಟಡದ ಬಗ್ಗೆ ಬಾಯಿಬಿಡುವುದಿಲ್ಲ. ಕಾಮಗಾರಿ ನಡೆಯುವಾಗ ತರಗತಿ ಎಲ್ಲಿ, ಹಳೆ ದಾಖಲೆ ಪುಸ್ತಕಗಳು ಯಾರ ವಶದಲ್ಲಿ ಎಂಬುದನ್ನು ಸಿಬ್ಬಂದಿಯ ಕೈಯಲ್ಲೇ ಬರೆಸಿ.